ಕಡಲು ದಾಟಿದ ಮನೆ

ಕೆವುಯಿ ದ್ವೀಪ, ಚಿಲೋಯೆ
೨೦ ಸೆಪ್ಟೆಂಬರ್ ೧೯೬೭

ಅಣ್ಣಾ,

ನಿನ್ನ ಕಾಗದ ನಿನ್ನೆ ಕಾಸ್ತ್ರೋದ ಲಾಂಚಿನಲ್ಲಿ ಬಂತು. ಮೂರೇ ಸಾಲು, ಅದರಲ್ಲೂ ಒಂದನ್ನು ಹೊಡೆದುಹಾಕಿದ್ದೀಯ. ಅಲ್ಲೇನು ಬರೆದಿದ್ದೆ ಅಂತ ಬೆಳಕಿಗೆ ಹಿಡಿದು ನೋಡಿದೆ, ಕಾಣಿಸಲಿಲ್ಲ. ಅವ್ವ ಹೋದ ಸುದ್ದಿ ನಿನಗೆ ಮುಟ್ಟುವ ಹೊತ್ತಿಗೆ ಇಲ್ಲಿ ಅವಳ ಮೇಲೆ ಹುಲ್ಲು ಬೆಳೆದಿತ್ತು. ನೀನು ಆ ದೂರದ ದಕ್ಷಿಣದಲ್ಲಿ ಕುರಿಗಳ ಹಿಂದೆ ಯಾವ ಬಯಲಿನಲ್ಲಿದ್ದೆಯೋ, ನಾನು ಬರೆದದ್ದು ಪುಂತಾ ಅರೇನಾಸಿನ ಅಂಚೆಕಚೇರಿಯಲ್ಲೇ ಬಿದ್ದುಕೊಂಡಿತ್ತು.

ಹೇಗಾಯಿತು ಅಂತ ಕೇಳಿದ್ದೀಯ. ಅವ್ವನಿಗೆ ನೋವು ಶುರುವಾದಾಗ ಗಾಳಿ ಎದ್ದಿತ್ತು, ಸೂಲಗಿತ್ತಿಯನ್ನು ಕರೆತರಲು ಹೊರಟ ದೋಣಿ ಅರ್ಧ ದಾರಿಯಿಂದ ವಾಪಸು ಬಂತು. ದೆಲ್ಫಿನಾ ಅತ್ತೆ ಇದ್ದಳು, ನಾನಿದ್ದೆ. ಮಗು ಉಳಿಯಿತು. ಮಿಕ್ಕದ್ದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಮಗು ಹೆಣ್ಣು, ಹೆಸರು ಫ್ರೆಸಿಯಾ. ಅವಳು ನಮ್ಮ ಮನೆಯಲ್ಲಿಲ್ಲ. ಎದುರಿನ ಚೆಲಿನ್ ದ್ವೀಪದಲ್ಲಿ ಎದೆಲ್ಮಿರಾ ಅಂತ ಒಬ್ಬಳಿದ್ದಾಳೆ. ಗಂಡ ಹೋದ ವರ್ಷ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಅವಳಿಗೆ ಮೊಲೆ ಕುಡಿಯುವ ಗಂಡುಮಗುವಿದೆ, ಅದರ ಜೊತೆಗೆ ನಮ್ಮದಕ್ಕೂ ಹಾಲು ಕೊಡುತ್ತಿದ್ದಾಳೆ. ಅಪ್ಪ ದಿನಾ ಸಂಜೆ ಹುಟ್ಟು ಹಾಕಿಕೊಂಡು ಹೋಗಿ ಮಗುವನ್ನು ನೋಡಿ ಬರುತ್ತಾನೆ. ಬಂದು ಒಲೆಯ ಮುಂದೆ ಕೂರುತ್ತಾನೆ. ಅವನ ಬಾಯಿಂದ ಮಾತು ಹೊರಡಿಸುವುದು ಬಂಡೆಗೆ ಅಂಟಿದ ಚಿಪ್ಪು ಕೀಳುವ ಕೆಲಸ, ನಿನಗೆ ಗೊತ್ತಲ್ಲ.

ಮೊನ್ನೆ ಮಾತು ಹೊರಟಿತು. "ಮನೇನ ಆ ಕಡೆಗೆ ಎಳ್ಕೊಂಡು ಹೋಗ್ಬೇಕು ಅಂತಿದೀನಿ" ಅಂದ. ಎದೆಲ್ಮಿರಾಳನ್ನು ಮದುವೆಯಾಗುತ್ತಾನಂತೆ. ಅವಳೇ ಈ ಕಡೆಗೆ ಬರಲಿ ಅಂದೆ. "ಬಂದು ಏನು ತಿನ್ನೋದು? ನಮ್ಮ ಹೊಲ ಭೂಕಂಪದ ವರ್ಷ ಕಡಲು ನುಗ್ಗಿ ಉಪ್ಪು ಕುಡಿದಿದ್ದು ಇನ್ನೂ ಕಕ್ಕಿಲ್ಲ. ಅವಳದ್ದು ಒಳ್ಳೆ ಮಣ್ಣು, ಆದ್ರೆ ಇರೋಕೆ ಒಂದು ಕೊಟ್ಟಿಗೆ ಅಷ್ಟೇ. ನಮಗೆ ಮನೆ ಇದೆ, ಅವಳಿಗೆ ನೆಲ ಇದೆ. ಮಗು ಅಲ್ಲಿದೆ." ಅವನು ಇಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಆಮೇಲೆ ನನ್ನ ಕಡೆ ನೋಡದೆ, "ಮುಯ್ಯಾಳು ನೀನೇ ಕೇಳ್ಬೇಕು ಮಗಳೇ" ಅಂದ.

ಮರದ ಮನೆಯನ್ನು ಇಡಿಯಾಗಿ ಎಳೆದು ನೀರು ದಾಟಿಸುವ ಮುಯ್ಯಿ ಅಂದರೆ ಊರೆಲ್ಲ ಬರಬೇಕು. ಕೇಳುವುದು ಮನೆಯ ಹೆಂಗಸಿನ ಕೆಲಸ. ಒಂದೊಂದು ಬಾಗಿಲಿಗೂ ಹೋಗಿ, ಹೆಸರು ಹಿಡಿದು, ನಿಂತು ಕೇಳಬೇಕು. ಅವರು ಒಪ್ಪುವ ತನಕ ಕೂರುವ ಹಾಗಿಲ್ಲ. ಕೇಳಿದವರನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಕೇಳದಿದ್ದರೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರೂ ಹೊಸ್ತಿಲು ದಾಟುವುದಿಲ್ಲ. ಅವ್ವನಿದ್ದರೆ ಅವಳು ಕೇಳುತ್ತಿದ್ದಳು. ಅವ್ವನಿದ್ದರೆ ಕೇಳುವ ಪ್ರಸಂಗವೇ ಇರಲಿಲ್ಲ.

ನಾನು ಆಗುವುದಿಲ್ಲ ಅಂದೆ. ಅವ್ವನನ್ನು ಈ ಗುಡ್ಡದ ಮೇಲೆ ಒಬ್ಬಳನ್ನೇ ಬಿಟ್ಟು ಅವಳ ಮನೆಯನ್ನು ಎಳೆದುಕೊಂಡು ಹೋಗಿ ಅಂತ ಊರಿನವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಅಪ್ಪ ಎದ್ದು ಹೋದ. ಏನು ಮಾಡಲಿ ಹೇಳು. ನನಗೆ ಹದಿನಾಲ್ಕು ವರ್ಷ, ನಿನಗೆ ಹತ್ತೊಂಬತ್ತು.

ನಿನ್ನ ತಂಗಿ
ನೋಲ್ಫಾ


ಮಗಲಾನೆಸ್
೧೨ ನವೆಂಬರ್ ೧೯೬೭

ನೋಲ್ಫಾ,

ಕುರಿ ಉಣ್ಣೆಯ ಕತ್ತರಿ ಹಿಡಿದೂ ಹಿಡಿದೂ ಬೆರಳು ಬಾತುಕೊಂಡಿವೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಆಗುವುದಿಲ್ಲ ಅಂದದ್ದು ಸರಿ. ಕೇಳಬೇಡ. ನೀನು ಬಾಗಿಲಿಗೆ ಹೋಗದಿದ್ದರೆ ಒಬ್ಬನೂ ಎತ್ತು ಹೂಡುವುದಿಲ್ಲ, ಅಪ್ಪ ಏನು ಮಾಡಿಯಾನು? ಮಗುವನ್ನು ಮನೆಗೆ ತಂದುಕೋ. ದೆಲ್ಫಿನಾ ಅತ್ತೆಯ ಹಸು ಈಗ ಈದಿರಬೇಕು, ಹಾಲಿಗೆ ನೀರು ಬೆರೆಸಿ ಕುಡಿಸು. ಇಲ್ಲಿ ತಾಯಿ ಸತ್ತ ಮರಿಗಳನ್ನು ಬಾಟಲಿಯಲ್ಲೇ ಸಾಕುತ್ತೇವೆ. ಹೆಚ್ಚಿನವು ಬದುಕುತ್ತವೆ.

ಹಾಯಿ ಹರಿದದ್ದಕ್ಕೆ ಅಪ್ಪನ ಜೊತೆ ಜಗಳವಾಡಿ ನಾನು ಹೊರಟ ದಿನ ನಿನಗೆ ನೆನಪಿದೆಯಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ದಡಕ್ಕೆ ಓಡಿ ಬಂದಿದ್ದಳು. ಪಕ್ಕದಲ್ಲಿ ಅಪ್ಪ ನಿಂತಿದ್ದಾನಲ್ಲ ಅಂತ ನಾನು ತಿರುಗಿ ನೋಡಲಿಲ್ಲ. ನಿನಗಾದರೆ ಅವಳು ಸತ್ತಿದ್ದಾಳೆ. ನೀನು ಅವಳನ್ನು ತೊಳೆದೆ, ಬಟ್ಟೆ ಉಡಿಸಿದೆ, ಅತ್ತುಬಿಟ್ಟೆ. ನನಗೆ ಅವಳು ಇನ್ನೂ ಆ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಾಳೆ. ಆ ಮನೆ ಅಲ್ಲಿಂದ ಕದಲಿದರೆ ಅವಳು ಎಲ್ಲಿ ನಿಲ್ಲಬೇಕು?

ಮಾರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಬರುತ್ತೇನೆ. ಅಲ್ಲಿಯ ತನಕ ಹಲ್ಲು ಕಚ್ಚಿಕೊಂಡು ಇರು.

ಸಿಸ್ತೋ


ಕೆವುಯಿ
೧೮ ಡಿಸೆಂಬರ್ ೧೯೬೭

ಅಣ್ಣಾ,

ನೀನು ಹೇಳಿದಂತೆ ಮಾಡಿದೆ. ಅದನ್ನು ಮೊದಲು ಬರೆಯುತ್ತೇನೆ, ಆಮೇಲೆ ನಾನು ತೀರ್ಮಾನಿಸಿದ್ದನ್ನು.

ಆ ಹೆಂಗಸಿನ ಹತ್ತಿರ ಹೋಗಿ ನನ್ನ ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಅಂದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ, ದೋಣಿಯಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಮಗುವಿನ ಬಟ್ಟೆಗಳನ್ನೆಲ್ಲ ಮಡಿಸಿ ಕೊಟ್ಟಳು. ಕಂಬಳಿಯನ್ನು ಹೇಗೆ ಸುತ್ತಬೇಕು ಅಂತ ತೋರಿಸಿದಳು.

ಅತ್ತೆಯ ಹಸುವಿನ ಹಾಲು ಮಗುವಿಗೆ ಹಿಡಿಸಲಿಲ್ಲ. ನೀರು ಬೆರೆಸಿದೆ, ಸಕ್ಕರೆ ಹಾಕಿದೆ, ಬಟ್ಟೆಯ ತುದಿಯಲ್ಲಿ ಅದ್ದಿ ಬಾಯಿಗಿಟ್ಟೆ. ಕುಡಿದದ್ದನ್ನೆಲ್ಲ ಕಕ್ಕಿತು. ಮೊದಲು ಅತ್ತಿತು, ಆಮೇಲೆ ಅಳುವುದನ್ನೇ ಬಿಟ್ಟಿತು. ಅದು ಅಳು ನಿಲ್ಲಿಸಿದ್ದಕ್ಕೆ ನಾನು ಹೆದರಿದೆ. ಅಪ್ಪ ದೋಣಿ ಇಳಿಸಿದ. ಅಲೆ ಎದ್ದಿತ್ತು, ನಾನು ಮಗುವನ್ನು ಅಂಗಿಯೊಳಗೆ ಹಾಕಿಕೊಂಡು ಕೂತೆ. ನೋಡು, ಅವ್ವ ಹೋದಾಗಿನ ಥರದ್ದೇ ಗಾಳಿ. ಅಪ್ಪನ ಮುಖವನ್ನು ನಾನು ನೋಡಲಿಲ್ಲ.

ಎದೆಲ್ಮಿರಾ ದಡದಲ್ಲೇ ನಿಂತಿದ್ದಳು. ಯಾರೂ ಅವಳಿಗೆ ಹೇಳಿ ಕಳಿಸಿರಲಿಲ್ಲ. ಹಾಲು ಕಟ್ಟಿ ಅವಳ ರವಿಕೆಯೆಲ್ಲ ಒದ್ದೆಯಾಗಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತು ಮಗುವನ್ನು ಎದೆಗೆ ಹಾಕಿಕೊಂಡಳು. ಫ್ರೆಸಿಯಾ ಅವಳ ಕುಪ್ಪಸದ ಅಂಚನ್ನು ಹಿಡಿದುಕೊಂಡದ್ದನ್ನು ನೀನು ನೋಡಬೇಕಿತ್ತು. ನನ್ನ ಕೈಯಲ್ಲಿ ಬಟ್ಟೆಯ ಗಂಟಿನ ಹಾಗೆ ಬಿದ್ದುಕೊಂಡಿದ್ದ ಮಗು ಅದು. ನನಗೆ ಹೊಟ್ಟೆ ಉರಿಯಿತು ಅಣ್ಣಾ. ಬದುಕಿತಲ್ಲ ಅಂತ ಸಂತೋಷಪಡುವುದು ಬಿಟ್ಟು ಹೊಟ್ಟೆ ಉರಿದುಕೊಂಡೆ.

"ನಾನು ಕರ್ಕೊಂಡು ಹೋಗ್ವಾಗ ಯಾಕೆ ತಡೀಲಿಲ್ಲ?" ಅಂತ ಕೇಳಿದೆ.

"ನಿನ್ನ ತಂಗಿ ಅಲ್ವೇನೇ? ತಡೆಯೋಕೆ ನಾನ್ಯಾರು?" ಅಂದಳು.

ಕುರಿಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ ಅಂತ ಬರೆದಿದ್ದೀಯ. ನಮಗಿರುವುದು ಒಂದೇ. ಅವ್ವ ಅಡುಗೆಮನೆಯಲ್ಲಿ ನಿಂತಿದ್ದಾಳೆ ಅಂತಲೂ ಬರೆದಿದ್ದೀಯ. ನಾನು ದಿನವಿಡೀ ಇರುವುದು ಆ ಅಡುಗೆಮನೆಯಲ್ಲೇ. ಅಲ್ಲಿ ಯಾರೂ ಇಲ್ಲ ಅಣ್ಣಾ.

ನಾನು ಮುಯ್ಯಾಳು ಕೇಳಲು ಹೋಗುತ್ತೇನೆ. ಸಿಟ್ಟು ಬಂದರೆ ಸಿಟ್ಟಾಗು, ಆದರೆ ಕಾಗದ ಬರೆ.

ನೋಲ್ಫಾ


ಕೆವುಯಿ
೧೦ ಜನವರಿ ೧೯೬೮

ಅಣ್ಣಾ,

ನಿನ್ನಿಂದ ಕಾಗದವಿಲ್ಲ. ಲಾಂಚಿನವನು ನನ್ನನ್ನು ಕಂಡರೆ ಈಗೀಗ ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ. ಇರಲಿ, ನಡೆದದ್ದನ್ನು ನಾನೇ ಹೇಳುತ್ತೇನೆ.

ಅವ್ವನ ಕಪ್ಪು ಶಾಲು ಹೊದ್ದುಕೊಂಡು ಹೊರಟೆ. ಮೊದಲು ಲಿಬೋರಿಯೋ ತಾತನ ಮನೆ. ಎತ್ತುಗಳಿಗೆ ಕೂಗು ಕೊಡುವವನು ಅವನೇ, ಅವನು ಒಪ್ಪದಿದ್ದರೆ ಉಳಿದವರನ್ನು ಕೇಳಿ ಪ್ರಯೋಜನವಿಲ್ಲ. ಬೆಂಚಿನ ಮೇಲೆ ಮಲಗಿದ್ದವನು ನನ್ನನ್ನು ನೋಡಿ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಂಡ. ಹೋದ ವರ್ಷ ಸೇಬು ಕದ್ದದ್ದಕ್ಕೆ ಇದೇ ತಾತ ನನ್ನ ಕಿವಿ ಹಿಂಡಿದ್ದ. ನಾನು ಅವ್ವ ಹೇಳುತ್ತಿದ್ದ ಮಾತನ್ನೇ ಹೇಳಿದೆ: ನಮ್ಮ ಮನೆ ಎಳೆಯುವುದಿದೆ, ನಿಮ್ಮ ಕೈ ಬೇಕು, ನಮ್ಮ ಒಲೆಯ ಅನ್ನ ನಿಮ್ಮದು. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಆಗ್ಲಿ ತಾಯಿ, ಕೂತ್ಕೊಳ್ಳಿ" ಅಂದ. ನನಗೆ ಬಹುವಚನ. ಈಚೆ ಬಂದ ಮೇಲೆ ಬೇಲಿ ಹಿಡಿದುಕೊಂಡು ಅತ್ತುಬಿಟ್ಟೆ.

ದೆಲ್ಫಿನಾ ಅತ್ತೆ ಸುಲಭಕ್ಕೆ ಬಗ್ಗಲಿಲ್ಲ. ಆಲೂಗಡ್ಡೆ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ಮವ್ವನಿಗೆ ಮಣ್ಣು ಹಾಕಿ ಬಂದ ಕೈ ಇದು. ಇದೇ ಕೈಲಿ ಅವಳ ಮನೇನೂ ಕಿತ್ತು ಕಳ್ಸು ಅಂತೀಯೇನೇ?" ಅಂದಳು. ನಾನು ನಿಂತೇ ಇದ್ದೆ. ಬುಟ್ಟಿಯಲ್ಲಿದ್ದದ್ದೆಲ್ಲ ತುರಿದು ಮುಗಿಸಿದಳು, ಬಟ್ಟೆಯಲ್ಲಿ ಹಿಂಡಿದಳು, ರೊಟ್ಟಿ ತಟ್ಟಿದಳು. ನನಗೆ ಕಾಲು ಸೋತು ಹೋಗಿತ್ತು. ಕಡೆಗೆ, "ಮಗು ಹೇಗಿದೆ?" ಅಂತ ಕೇಳಿದಳು. ಹಲ್ಲು ಬರುತ್ತಿದೆ ಅಂದೆ. ಅವಳು ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡು, "ಕೂತ್ಕೋ, ಬಿಸಿ ಇದ್ದಾಗ ತಿನ್ನು" ಅಂದಳು.

ಕುಂಟ ಬೌತಿಸ್ತಾನನ್ನೂ ಕೇಳಿದೆ. ಅವನನ್ನು ಬಿಟ್ಟರೆ ನೊಂದುಕೊಳ್ಳುತ್ತಾನೆ. "ನನ್ನ ಕೈಲಿ ಎಳೆಯೋಕಾಗಲ್ಲ, ಬೈಯೋಕೆ ಬರ್ತೀನಿ. ಎತ್ತುಗಳನ್ನ ಬೈಯೋಕೂ ಒಬ್ಬ ಬೇಕಲ್ಲ" ಅಂದ.

ಎಲ್ಲರೂ ಒಪ್ಪಿದ್ದಾರೆ. ಫೆಬ್ರವರಿ ಹುಣ್ಣಿಮೆಯ ಉಬ್ಬರಕ್ಕೆ ಮನೆಯನ್ನು ನೀರಿಗಿಳಿಸುವುದು. ಅಪ್ಪ ಕಾಡಿನಿಂದ ಉರುಳೆಮರ ತಂದು ಒಟ್ಟಿದ್ದಾನೆ. ಹಂದಿ ಕೊಯ್ಯುತ್ತೇವೆ, ಗುಂಡಿ ತೋಡಿ ಕಾದ ಕಲ್ಲಿನ ಮೇಲೆ ಚಿಪ್ಪು ಮಾಂಸ ಎಲ್ಲ ಬೇಯಿಸುತ್ತೇವೆ. ಸೇಬಿನ ಹೆಂಡ ಅತ್ತೆಯ ಮನೆಯಿಂದ. ಅಪ್ಪ ನಿನ್ನ ಮಂಚವನ್ನು ಬಿಚ್ಚಿ, ಹಲಗೆಗಳನ್ನು ಹಗ್ಗದಲ್ಲಿ ಕಟ್ಟಿ ಬೇರೆ ಇಟ್ಟಿದ್ದಾನೆ.

ನೋಲ್ಫಾ


ಚೆಲಿನ್ ದ್ವೀಪ
೨೦ ಫೆಬ್ರವರಿ ೧೯೬೮

ಅಣ್ಣಾ,

ಮೇಲಿನ ಊರಿನ ಹೆಸರು ನೋಡಿದೆಯಲ್ಲ. ದಾಟಿದೆವು.

ಬಾಗಿಲು ಕಿಟಕಿ ಕಳಚಿ, ಒಳಗೆ ಅಡ್ಡಮರ ಬಡಿದು, ಮನೆಯನ್ನು ಬುಡದ ಮೋಟುಗಳ ಮೇಲಿಂದ ಎತ್ತಿ ಉರುಳೆಗಳ ಮೇಲೆ ಕೂರಿಸಿದರು. ಲಿಬೋರಿಯೋ ತಾತ ಕೂಗು ಕೊಟ್ಟ, ಎತ್ತುಗಳು ಮೊಣಕಾಲೂರಿದವು, ಮನೆ ಮಿಸುಕಲಿಲ್ಲ. ಬೌತಿಸ್ತಾ ಎತ್ತುಗಳ ಮೂರು ತಲೆಮಾರನ್ನೂ ಬೈದ. ಎರಡನೆಯ ಕೂಗಿಗೂ ಇಲ್ಲ. ಆಗ ನನ್ನ ಮನಸ್ಸಿನಲ್ಲಿ, ಹೋಗಬೇಡ, ಹೋಗಬೇಡ ಅಂತಿತ್ತು. ಬಾಗಿಲು ಬಾಗಿಲಿಗೂ ಹೋಗಿ ಕೇಳಿ ಬಂದವಳು ನಾನೇ, ಹೋಗಬೇಡ ಅಂತ ಬೇಡಿಕೊಂಡವಳೂ ನಾನೇ. ಮೂರನೆಯ ಕೂಗಿಗೆ ಹೊರಟಿತು. ಒಂದು ಸಲ ಹೊರಟದ್ದು ಮತ್ತೆ ನಿಲ್ಲಲಿಲ್ಲ.

ಉಬ್ಬರಕ್ಕೆ ತೇಲಿದ ಮನೆಯನ್ನು ಲಾಂಚು ಎಳೆದುಕೊಂಡು ಹೋಗುವಾಗ ಒಳಗೆ ಒಬ್ಬರಿರಬೇಕು, ನೀರು ನುಗ್ಗಿದರೆ ಲಾಂಚಿನವರಿಗೆ ಕೂಗಿ ಹೇಳಲು. ನಾನೇ ಇರುತ್ತೇನೆ ಅಂದೆ. ಕಿಟಕಿಯ ತೂತಿನಲ್ಲಿ ಗುಡ್ಡ ಕಾಣುತ್ತಿತ್ತು, ಚರ್ಚು, ಅದರ ಹಿಂದೆ ಶಿಲುಬೆಗಳು. ಅವ್ವನದು ಯಾವುದು ಅಂತ ಸ್ವಲ್ಪ ಹೊತ್ತು ಗೊತ್ತಾಗುತ್ತಿತ್ತು, ಆಮೇಲೆ ಎಲ್ಲ ಒಂದೇ ಥರ ಆಯಿತು. ನಡುನೀರಿನಲ್ಲಿ ನೆಲದ ಹಲಗೆಗಳ ಸಂದಿನಿಂದ ನೀರು ಬಂತು. ಅಡುಗೆಮನೆಯಲ್ಲಿ ಅವ್ವ ನಿಂತೂ ನಿಂತೂ ಸವೆದ ಜಾಗವಿದೆಯಲ್ಲ, ಮೊದಲು ಅಲ್ಲಿ ನಿಂತಿತು. ನಾನು ಕೂಗಬೇಕಿತ್ತು. ಅದರ ಪಕ್ಕ ಕೂತು ಕೈಯಿಂದ ಬಳಿದು ಬಳಿದು ಹೊರಗೆ ಹಾಕಿದೆ. ಪುಣ್ಯಕ್ಕೆ ಅದು ಹೆಚ್ಚಲಿಲ್ಲ.

ಈ ದಡದಲ್ಲಿ ಎದೆಲ್ಮಿರಾ ಮೊಣಕಾಲುದ್ದ ನೀರಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನಾನು ಇಳಿದು ಹೋಗಿ, "ಚಿಕ್ಕಮ್ಮಾ, ಮಗು ಕೊಡಿ" ಅಂದೆ. ಹೇಗೆ ಆ ಮಾತು ಬಂತೋ. ದೆಲ್ಫಿನಾ ಅತ್ತೆ ಅತ್ತ ತಿರುಗಿ ಪಾತ್ರೆ ಸದ್ದು ಮಾಡಿದಳು.

ಊಟಕ್ಕೆ ಬೆಂಚು ಸಾಲಲಿಲ್ಲ, ಅಷ್ಟು ಜನ. ಆದರೂ ಮನೆ ಎಳೆಯುವಾಗ ಅಪ್ಪ ಹಗ್ಗ ಹಿಡಿದವರ ಸಾಲಿನಲ್ಲಿ ತನ್ನ ಹಿಂದೆ ಒಂದು ಆಳಿನ ಜಾಗ ಖಾಲಿ ಬಿಟ್ಟಿದ್ದ. ಲಿಬೋರಿಯೋ ತಾತ ತುಂಬಿಸು ಅಂದರೂ ತುಂಬಿಸಲಿಲ್ಲ.

ನಿನ್ನ ಮಂಚವನ್ನು ಕಿಟಕಿಯ ಪಕ್ಕದಲ್ಲೇ ಹಾಕಿದ್ದೇವೆ. ಕಿಟಕಿಯಿಂದ ಈಗ ಬೇರೆ ಏನೋ ಕಾಣುತ್ತದೆ, ಅಷ್ಟೇ.

ನೋಲ್ಫಾ


ಕಾಸ್ತ್ರೋ ಬಂದರು
೨೪ ಮಾರ್ಚ್ ೧೯೬೮

ನೋಲ್ಫಾ,

ನಾನು ಬಂದಿದ್ದೆ. ನಿನಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಕೆವುಯಿಯಲ್ಲಿ ಇಳಿದು ಮೊದಲು ಗುಡ್ಡ ಹತ್ತಿದೆ. ಅವ್ವನ ಹತ್ತಿರ ಸ್ವಲ್ಪ ಹೊತ್ತು ಕೂತು, ಆಮೇಲೆ ಕೆಳಗೆ ಬಂದೆ. ಮನೆ ಹೋಗಿದೆ ಅಂತ ನೀನು ಬರೆದಿದ್ದೆ, ಆದರೆ ಓದುವುದು ಬೇರೆ. ಕಾಲಿಗೆ ದಾರಿ ಗೊತ್ತಿತ್ತಲ್ಲ, ಅದು ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋಯಿತು. ಮೋಟುಗಳ ನಡುವೆ ಅಡುಗೆಮನೆ ಇದ್ದ ಕಡೆ ನಿಂತುಕೊಂಡೆ. ಎದುರು ದಡದಲ್ಲಿ ಮನೆ ಕಾಣಿಸುತ್ತಿತ್ತು. ಹೊಗೆ ಏಳುತ್ತಿತ್ತು. ಯಾರೋ ಬಟ್ಟೆ ಒಣಹಾಕುತ್ತಿದ್ದರು.

ಬೌತಿಸ್ತಾ ಬಂದು, "ದೋಣಿ ಕೊಡ್ಲೇನೋ?" ಅಂದ. ಬೇಡ ಅಂದೆ.

ನಿನ್ನ ಜನವರಿಯ ಕಾಗದ ನನಗೆ ಸಮಯಕ್ಕೆ ಸರಿಯಾಗಿ ಸಿಕ್ಕಿತ್ತು. ಮೇಸ್ತ್ರಿಯ ಹತ್ತಿರ ರಜೆ ಮಾತಾಡಿಟ್ಟಿದ್ದೆ. ನೀನು ಕೇಳಿದರೆ ಸಿಟ್ಟು ಗಿಟ್ಟು ಎಲ್ಲ ಬಿಟ್ಟು ಹೊರಡುವುದು ಅಂತ. ನೀನು ಲಿಬೋರಿಯೋ ತಾತನನ್ನು ಕೇಳಿದೆ, ಅತ್ತೆಯನ್ನು ಕೇಳಿದೆ, ಎಳೆಯಲಾಗದ ಕುಂಟನನ್ನು ಕೂಡ ನೊಂದುಕೊಳ್ಳುತ್ತಾನೆ ಅಂತ ಕೇಳಿದೆ. ನಾನು ಆ ಕಾಗದವನ್ನು ಮತ್ತೆ ಮತ್ತೆ ಓದಿದೆ. ನನ್ನನ್ನು ಮಾತ್ರ ನೀನು ಕೇಳಿರಲಿಲ್ಲ. ಕೇಳದೆ ಮುಯ್ಯಿಗೆ ಹೋಗಲು ನಾನೇನು ಊರ ಪದ್ಧತಿ ಗೊತ್ತಿಲ್ಲದವನಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಬೇಡ ಅಂತ ಮೊದಲು ಬರೆದವನು ನಾನೇ ತಾನೆ. ನಾಳೆ ಹಡಗು ಹತ್ತುತ್ತೇನೆ. ಚಳಿಗಾಲಕ್ಕೂ ಅಲ್ಲೇ ಕೆಲಸವಿದೆ. ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ.

ಸಿಸ್ತೋ


ಚೆಲಿನ್
೬ ಏಪ್ರಿಲ್ ೧೯೬೮

ಅಣ್ಣಾ,

ಬಟ್ಟೆ ಒಣಹಾಕುತ್ತಿದ್ದವಳು ನಾನೇ. ಮೋಟುಗಳ ನಡುವೆ ಒಬ್ಬ ನಿಂತದ್ದು ಕಂಡಿತು. ಒಂದು ಭುಜ ಇಳಿಬಿಟ್ಟುಕೊಂಡು ಹಾಗೆ ನಿಲ್ಲುವವರು ಬೇರೆ ಯಾರೂ ಇಲ್ಲ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಕಾದೆ. ಬೌತಿಸ್ತಾ ಕುಂಟುತ್ತಾ ನಿನ್ನ ಹತ್ತಿರ ಬಂದದ್ದೂ ಕಂಡಿತು. ಈಗ ದೋಣಿ ಇಳಿಸುತ್ತಾನೆ, ಈಗ ಹತ್ತುತ್ತಾನೆ ಅಂತ ನೋಡುತ್ತಲೇ ಇದ್ದೆ.

ನಿನ್ನನ್ನು ಅಪ್ಪನೂ ನೋಡಿದ. ಅವನು ಕಾಯಲಿಲ್ಲ. ಟೋಪಿ ಕೂಡ ಹಾಕಿಕೊಳ್ಳದೆ ದೋಣಿಯನ್ನು ಒಬ್ಬನೇ ತಳ್ಳಿ ಹುಟ್ಟು ಹಾಕಿದ. ಇಳಿತದ ಸೆಳೆತವಿತ್ತು, ಎಳೆದರೂ ಎಳೆದರೂ ದೋಣಿ ಪಕ್ಕಕ್ಕೇ ಹೋಗುತ್ತಿತ್ತು. ನಡುನೀರು ಮುಟ್ಟುವಷ್ಟರಲ್ಲಿ ನೀನು ಲಾಂಚು ನಿಲ್ಲುವ ಕಡೆಯ ದಾರಿ ಹಿಡಿದಿದ್ದೆ. ಅವನು ಹುಟ್ಟು ಬಿಟ್ಟು ದೋಣಿಯಲ್ಲಿ ಎದ್ದು ನಿಂತ. ಬೆನ್ನು ಹಾಕಿ ನಡೆದವನಿಗೆ ಅದು ಹೇಗೆ ಕಾಣಬೇಕು? ಕೂಗಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೆ ಕೂಗಲು ಬರುವುದಿಲ್ಲವಲ್ಲ.

ಜನವರಿಯಲ್ಲಿ ನಾನು ನಿನಗೆ ಬರೆಯದೇ ಬಿಟ್ಟ ಒಂದು ಮಾತಿದೆ. ಬರೆಯುವುದು ಬೇಕಿಲ್ಲ ಅಂದುಕೊಂಡಿದ್ದೆ. ಲಿಬೋರಿಯೋ ತಾತ ಒಪ್ಪಿದ ಮೇಲೆ, "ಸಿಸ್ತೋನ್ನ ಕೇಳಿದೀರೇನಮ್ಮಾ?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. "ಅವನು ಹೊರಗಿನವನಾ ತಾತಾ, ಕೇಳೋಕೆ? ಅವನು ಮನೆಯವನು" ಅಂದೆ. ಅಪ್ಪನನ್ನು ನಾನು ಕೇಳಿದೆನೇ? ನನ್ನನ್ನು ಯಾರಾದರೂ ಕೇಳಿದರೇ? ಮನೆಯವರು ಹಗ್ಗಕ್ಕೆ ಕೈ ಹಾಕುತ್ತಾರೆ, ಅಷ್ಟೇ. ನಿನ್ನನ್ನು ಕೇಳಿ ಬರೆದಿದ್ದರೆ ಅವತ್ತೇ ನೀನು ನೆರೆಯವನಾಗಿಬಿಡುತ್ತಿದ್ದೆ. ಅದಕ್ಕೇ ಯಾರು ಬರುತ್ತಾರೆ, ಯಾವ ದಿನ, ಏನಡುಗೆ, ನಿನ್ನ ಮಂಚ ಎಲ್ಲಿದೆ, ಎಲ್ಲ ಬರೆದೆ. ಅಷ್ಟು ಬರೆದರೆ ಸಾಕು, ಬರುತ್ತಾನೆ ಅಂದುಕೊಂಡಿದ್ದೆ. ಇಬ್ಬರಿಗೂ ಪದ್ಧತಿ ಚೆನ್ನಾಗಿಯೇ ಗೊತ್ತಿತ್ತು, ನೋಡು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಫ್ರೆಸಿಯಾ ಅವನ ತೊಡೆಯ ಮೇಲಿದ್ದಳು, ಚಿಕ್ಕಮ್ಮ ಒಲೆಯ ಹತ್ತಿರ. ಅವಳನ್ನು ನೋಡಿ ಮಗು "ಮಮ್ಮ" ಅನ್ನುತ್ತದೆ ಈಗ. ಮೊದಲ ಸಲ ಅಂದಾಗ ನಾನು ಹೊರಗೆ ಹೋಗಿ ಸೌದೆ ಒಡೆದೆ. ಈಗ ಒಳಗೇ ಇರುತ್ತೇನೆ. ಅಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ, "ಕೇಳು ಅವನನ್ನ" ಅಂದ.

"ಕೇಳಿದ್ರೆ ಹೊರಗಿನವನಾಗ್ತಾನಪ್ಪಾ" ಅಂದೆ.

"ಆಗ್ಲಿ" ಅಂದ. "ಹೊರಗಿನವನಾಗೇ ಬರ್ಲಿ."

ಅವನು ಆ ಮಾತು ಆಡಿದ ರೀತಿ ನನಗೆ ಬರೆಯಲು ಬರುವುದಿಲ್ಲ. ಚಿಕ್ಕಮ್ಮ ಮಗುವನ್ನು ಅವನ ತೊಡೆಯಿಂದ ಎತ್ತಿಕೊಂಡು ಆಚೆ ಹೋದಳು.

ಇಲ್ಲಿ ಆಲೂಗಡ್ಡೆ ಕೀಳುವ ಕಾಲ. ಚಿಕ್ಕಮ್ಮನ ಹೊಲ ದೊಡ್ಡದು, ನಾವು ಇರುವುದು ಮೂರು ಜನ. ನಾಳೆಯಿಂದ ಈ ದಡದ ಬಾಗಿಲುಗಳಿಗೆ ಮುಯ್ಯಾಳು ಕೇಳಲು ಹೋಗಬೇಕು. ನಿನ್ನಿಂದ ಶುರು ಮಾಡುತ್ತಿದ್ದೇನೆ. ಹೆಸರು ಹಿಡಿದು ಕೇಳುತ್ತಿದ್ದೇನೆ, ಸಿಸ್ತೋ, ನಮ್ಮ ಹೊಲಕ್ಕೆ ನಿಮ್ಮ ಕೈ ಬೇಕು. ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.

ನೋಲ್ಫಾ